ಕೊಕ್ಕೆ ಒರಗಿಸಿದಲ್ಲಿಂದ

ರಾತ್ರಿ ಹನ್ನೊಂದಕ್ಕೆ ನನ್ನ ಅಡುಗೆಮನೆಯೇ ತರಗತಿ.
ಸಕ್ಕರೆ ಡಬ್ಬಿಗೆ ಆನಿಸಿಟ್ಟ ಫೋನು.
ಕುತೈಸಿಯ ಕೊನೆಯ ಬಸ್ಸು ಕೆಳಗೆ ಹಾದುಹೋಗಲೆಂದು ಕಾದು
ಶುರುಮಾಡುತ್ತೇನೆ:
ರಿಜಿಸ್ಟರು ಅಂದರೆ ಪ್ರೊಸೆಸರಿನ ಅಂಗೈ ಅಂದುಕೊಳ್ಳಿ,
ಹಿಡಿದಷ್ಟು ಕೈಯಲ್ಲಿ, ಉಳಿದದ್ದು ಕಪಾಟಿನಲ್ಲಿ.
ಹದಿನಾಲ್ಕು ನಿಮಿಷ. ನಡುವೆ ಕೆಟಲು ಕೂಗಿತು.
ಅಳಿಸಲಿಲ್ಲ, ಮತ್ತೆ ಹೇಳುವಷ್ಟು ಉಸಿರಿರಲಿಲ್ಲ.

ಇಪ್ಪತ್ತಾರು ವರ್ಷ ಕರಿಹಲಗೆಗೆ ಮುಖಕೊಟ್ಟು
ಹುಡುಗರಿಗೆ ಬೆನ್ನು ತೋರಿಸಿದವಳು ನಾನು.
ಈಗ ವಿಭಾಗದ ಸುತ್ತೋಲೆ:
ಪಾಠ ಮನೆಯಲ್ಲಿ ಕೇಳಲಿ, ಮನೆಗೆಲಸ ಇಲ್ಲಿ ಬಂದು ಮಾಡಲಿ,
ತರಗತಿಯನ್ನು ತಲೆಕೆಳಗು ಮಾಡಿ.
ಉಷಾಂಗಿ ನಕ್ಕ, "ಅಂಗಿ ತಿರುವಿ ಹಾಕಿಕೊಂಡರೆ ಹೊಸದಾಗುತ್ತದೆಯೆ?"
ನಾನೂ ನಕ್ಕೆ.
ಮನೆಗೆ ಬಂದು ಸಕ್ಕರೆ ಡಬ್ಬಿ ಹುಡುಕಿದೆ.

ತರಗತಿಯಲ್ಲಿ ನಾನೀಗ ಬರೀ ಗಡಿಯಾರ.
ಒಂದು ಚಪ್ಪಾಳೆಗೆ ಒಂದು ಹೆಜ್ಜೆ.
ಕೇತಿನೊ ಪ್ರೋಗ್ರಾಂ ಕೌಂಟರು, ಅವಳ ಚೀಟಿಯಲ್ಲಿ
ಮುಂದೆ ಓದಬೇಕಾದ ಗಾಜಿನ ನಂಬರು.
ಕಿಟಕಿಯ ಎಂಟು ಗಾಜೇ ಮೆಮೊರಿ
(ಐದನೆಯದು ಒಡೆದು, ರಟ್ಟು ಅಂಟಿಸಿದ್ದೇವೆ),
ಗಾಜಿನ ಮೇಲೆ ಮಾರ್ಕರಿನ ಆದೇಶ, ಆದೇಶದಾಚೆ ರಿಯೋನಿ ನದಿ.
ತ್ಸೊತ್ನೆ ಬೆರಳೆಣಿಸಿ ಕೂಡುತ್ತಾನೆ, ತಪ್ಪುತ್ತಾನೆ, ಕಿವಿ ಕೆಂಪು.
ಎರಡು ಸಂಖ್ಯೆ ಕೂಡಲು ಹನ್ನೊಂದು ಜನ, ಇಪ್ಪತ್ತು ನಿಮಿಷ!
"ಯಂತ್ರ ಇಷ್ಟು ಪೆದ್ದೇ?" ಅಂದಳು ಮ್ಝೆಕಾಲಾ.
"ಪೆದ್ದೇ. ಆದರೆ ಅದಕ್ಕೆ ಬೇಜಾರು ಬರುವುದಿಲ್ಲ."

ಒಂಬತ್ತನೇ ಪಾಠದ ದಿನ, ಷೆಡ್ಯೂಲರು.
ಹಿಂದಿನ ಬೆಂಚಿನಲ್ಲಿ ಬಾದ್ರಿ, ಅರೆನಿದ್ದೆ, ಹುಬ್ಬಿನಲ್ಲಿ ಹಿಟ್ಟು.
ವಿಡಿಯೋ ನೋಡಿದೆಯಾ?
ಇಲ್ಲ. ಹಿಂದಿನ ಎಂಟನ್ನೂ ನೋಡಿಲ್ಲ.
ಅಪ್ಪನ ತೋನೆಗೆ, ನೆಲದಲ್ಲಿ ಹುಗಿದ ಆ ಮಣ್ಣಿನ ಒಲೆಗೆ,
ರಾತ್ರಿ ಮೂರಕ್ಕೆ ಬೆಂಕಿ. ಎರಡು ಕೈಗೂ ಮೆತ್ತಿದ ಕಣಕ.
ಫೋನು ಯಾವ ಕೈಯಲ್ಲಿ ಹಿಡಿಯಲಿ?

ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ.
ಆ ಕೈಗಳ ಬಗ್ಗೆ ಸುತ್ತೋಲೆಯಲ್ಲಿ ಒಂದು ಸಾಲೂ ಇರಲಿಲ್ಲ.
"ಹಾಗಾದರೆ ನೀನೇ ಹೇಳು," ಅಂದೆ, ಸ್ವಲ್ಪ ಶಿಕ್ಷೆಯ ದನಿಯಲ್ಲೇ,
"ಕೆಲಸ ಹತ್ತು, ಮಾಡುವವನು ಒಬ್ಬ. ಹೇಗೆ?"

ಎದ್ದ. ಮೇಜಿನ ಅಂಚು ಹಿಡಿದುಕೊಂಡ.
"ಒಳಗೋಡೆಯ ಸುತ್ತ ಹದಿನೆಂಟು ರೊಟ್ಟಿ ಬಡಿದಿರುತ್ತೇನೆ.
ಒಂದನ್ನೇ ನೋಡುತ್ತ ನಿಂತರೆ ಹದಿನೇಳು ಕರಕಲು.
ಅದಕ್ಕೇ ಇಲ್ಲಿಷ್ಟು ಅಲ್ಲಿಷ್ಟು ಇಣುಕುತ್ತ ಸುತ್ತುವುದು.
ನಡುವೆ ಯಾವಳೋ ಅಜ್ಜಿ ಕಿಟಕಿ ಬಡಿಯುತ್ತಾಳೆ, ಬಿಟ್ಟು ಹೋಗಲೇಬೇಕು.
ಹೋಗುವ ಮುಂಚೆ ಕೊಕ್ಕೆಯನ್ನು
ನೋಡುತ್ತಿದ್ದ ರೊಟ್ಟಿಯ ನೇರಕ್ಕೆ ಅಂಚಿಗೆ ಒರಗಿಸುತ್ತೇನೆ.
ಚಿಲ್ಲರೆ ಕೊಟ್ಟು ಬಂದು
ಕೊಕ್ಕೆ ಇದ್ದಲ್ಲಿಂದ ಮತ್ತೆ."

ಗಡಿಯಾರ ಚಪ್ಪಾಳೆ ಮರೆತು ನಿಂತಿತ್ತು.
ಮೂರು ಚಿತ್ರ ಬರೆದು, ಬಾಣ ಎಳೆದು, ನಾನು ಹೇಳಿದ್ದೂ ಅದನ್ನೇ.
ಕೊಕ್ಕೆ ಮಾತ್ರ ನನ್ನಲ್ಲಿರಲಿಲ್ಲ.

"ಅಜ್ಜಿಯರು ಬರುತ್ತಲೇ ಇದ್ದರೆ?" ಕೇತಿನೊ ಬಿಡಲಿಲ್ಲ.
"ಸುಡುತ್ತದೆ. ಕಳೆದ ಈಸ್ಟರಿಗೆ ಸುಟ್ಟಿತ್ತು."
ಉಳಿದ ಹೊತ್ತೆಲ್ಲ ಆ ಸುಟ್ಟ ರೊಟ್ಟಿಯದೇ ಜಗಳ:
ಯಾರು ಕಾಯಬೇಕು, ಎಷ್ಟು,
ಕಾದು ಕಾದು ಸೊರಗಿದವನ ಸರದಿಯನ್ನು
ಯಾರು, ಯಾವಾಗ, ಮುಂದಕ್ಕೆ ತಳ್ಳಬೇಕು.
ಗಂಟೆ ಹೊಡೆದದ್ದು ನನಗೂ ಕೇಳಿಸಲಿಲ್ಲ.

ಅಂದು ರಾತ್ರಿ ಒಂಬತ್ತನೇ ಪಾಠ ಅಳಿಸಿದೆ.
ಮೂರೂವರೆಗೆ ಕೋಟು ಹಾಕಿ, ಸೇತುವೆ ದಾಟಿ,
ತೋನೆಯ ಬಾಗಿಲಲ್ಲಿ ಫೋನು ಹಿಡಿದು ನಿಂತೆ.
ಬಾದ್ರಿಯ ತಲೆ, ಭುಜ, ಸೊಂಟದವರೆಗೂ ಒಲೆಯೊಳಗೆ,
ಕಾಲೆರಡು ಗಾಳಿಯಲ್ಲಿ.
ಸುತ್ತೋಲೆ ಬರೆದವರು ಇಂಥ ತಲೆಕೆಳಗನ್ನು ಕಂಡಿದ್ದರೋ ಇಲ್ಲವೋ.

"ಏನಾದರೂ ಮಾತಾಡಬೇಕೆ?" ಬೆಂಕಿಯೊಳಗಿಂದ ದನಿ.
ಬೇಡ, ನಿನ್ನ ಕೆಲಸ ನೋಡು ಅಂದೆ.
ಯಾರೋ ಕಿಟಕಿ ಬಡಿದರು.
ಅವನು ಕೊಕ್ಕೆ ಒರಗಿಸಿ ಹೋದ.
ಫೋನನ್ನು ಕೊಕ್ಕೆಯತ್ತ ತಿರುಗಿಸಿ,
ಅವನು ಮರಳಿ ಬರುವವರೆಗೆ,
ಕೈ ಅಲುಗದಂತೆ ಹಿಡಿದೆ.